ಕಕ್ಕಡದ ಬುಟ್ಟಿ: ಕೊಡಗಿನಲ್ಲಿ ಕಾಡಿನ ತಿನಿಸನ್ನು ಜೋಪಾನವಾಗಿ ತರುವ ಬಗೆ

ಒಂದು ಮಳೆಗಾಲಕ್ಕೆ ಒಂದೇ ಸೊಪ್ಪು, ಇಲ್ಲವೇ ಒಂದೇ ಅಣಬೆ ಕಲಿಯಿರಿ. ಕಕ್ಕಡದಲ್ಲಿ, ಅಂದರೆ ಕೊಡವರ ಜೋರು ಮಳೆಯ ತಿಂಗಳಲ್ಲಿ, ಕಾಡಿನ ತಿನಿಸು ತರಬೇಕೆಂದು ಆಸೆಪಟ್ಟು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ತೋಟದ ಅಂಚು, ತೋಡಿನ ಬದಿ, ಬಿದಿರುಮೆಳೆಯ ಬುಡ ಎಲ್ಲವೂ ಚಿಗುರಿ ನಿಲ್ಲುತ್ತವೆ. ಆಗ ಎಲ್ಲವನ್ನೂ ಬುಟ್ಟಿಗೆ ಹಾಕಿಕೊಳ್ಳಬೇಕು ಅನಿಸುತ್ತದೆ. ಆ ಅವಸರ ಬೇಡ.

ನನಗೆ ಇದನ್ನು ಕಲಿಸಿದವರು ನಮ್ಮ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಬಹಳ ವರ್ಷ ಇದ್ದ ಯರವ ಬುಡಕಟ್ಟಿನ ಅಕ್ಕ. ಒಮ್ಮೆ ಹಲಸಿನ ಮರದ ಬುಡದಲ್ಲಿ ಬೆಳ್ಳಗೆ, ದುಂಡಗೆ, ನೋಡಿದರೆ ಕಣ್ಣು ತುಂಬುವಂಥ ಅಣಬೆಗಳು ಎದ್ದಿದ್ದವು. ಓಡಿಹೋಗಿ ಕರೆದುಕೊಂಡು ಬಂದೆ. ಅವರು ಕೂತು, ಮಣ್ಣು ಕೆದಕಿ, ಬುಡ ನೋಡಿ, ಮೂಸಿ, ಕೊನೆಗೆ "ಇದು ನಂಗೊತ್ತಿಲ್ಲ" ಎಂದು ಎದ್ದುಬಿಟ್ಟರು. ವಿಷ ಎನ್ನಲಿಲ್ಲ, ಒಳ್ಳೆಯದು ಎಂದೂ ಹೇಳಲಿಲ್ಲ. ಆ ಬೆಟ್ಟದ ಪ್ರತಿಯೊಂದು ಹುತ್ತವನ್ನೂ ಬಲ್ಲ ಹೆಂಗಸು ಗೊತ್ತಿಲ್ಲ ಎಂದು ಕೈ ಒರೆಸಿಕೊಂಡು ಕೆಲಸಕ್ಕೆ ಹೋದದ್ದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಹಾಗೇ ಇದೆ. ಗೊತ್ತಿಲ್ಲದ್ದು ಬುಟ್ಟಿಗೆ ಬೀಳಬಾರದು. ಮುಂದೆ ನಾನು ಬರೆಯುವುದೆಲ್ಲ ಈ ಒಂದು ಮಾತಿನ ವಿವರ.

ಇಲ್ಲಿ ಸೊಪ್ಪು, ಕಣಿಲೆ (ಎಳೆ ಬಿದಿರು), ಅಣಬೆ, ಗೆಡ್ಡೆ, ಹಣ್ಣುಗಳ ಮಾತು ಮಾತ್ರ ಇದೆ. ಬೇಟೆ ಕಾನೂನಿಗೆ ವಿರುದ್ಧ, ಅದರ ಸುದ್ದಿ ಇಲ್ಲಿಲ್ಲ.

ಮೊದಲ ಹೆಜ್ಜೆ: ಯಾರ ಜಾಗ, ಯಾವ ಮದ್ದು ಬಿದ್ದಿದೆ

ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿ ಧಾಮಗಳ ಒಳಗಿನಿಂದ ಒಂದು ಎಲೆಯನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ನಡೆಯುತ್ತದೆ. ಮೀಸಲು ಅರಣ್ಯಕ್ಕೂ ಅನುಮತಿ ಇಲ್ಲದೆ ಕಾಲಿಡಬೇಡಿ. ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನಿಂದ ಕಿರು ಉತ್ಪನ್ನ ತರುವುದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯ ಆಧಾರವಿದೆ. ಅದು ಅವರ ಬದುಕಿನ ಹಕ್ಕು, ನಮ್ಮ ವಾರಾಂತ್ಯದ ತಿರುಗಾಟಕ್ಕೆ ಅನ್ವಯಿಸುವುದಿಲ್ಲ. ದೇವರಕಾಡುಗಳನ್ನೂ ಬಿಟ್ಟುಬಿಡಿ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕತ್ತಿ ಆಡಿಸಬಾರದು ಎಂದು ಹಿರಿಯರು ಕಟ್ಟಿಟ್ಟ ಕಟ್ಟಳೆಯಿಂದಲೇ ಆ ಕಾಡು ಇವತ್ತಿಗೂ ಉಳಿದಿದೆ.

ಹಾಗಾದರೆ ಎಲ್ಲಿ ಹುಡುಕುವುದು? ನಿಮ್ಮದೇ ತೋಟ, ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ), ಗದ್ದೆಯ ಬದು, ನೆಂಟರ ಜಾಗ. ಬೇರೆಯವರ ತೋಟವಾದರೆ ಮನೆಗೆ ಹೋಗಿ ಕೇಳಿ. ಕೇಳಿದವರಿಗೆ ಇಲ್ಲ ಎಂದವರನ್ನು ನಾನು ಕಂಡಿದ್ದು ಕಡಿಮೆ. ಕೇಳದೆ ಬೇಲಿ ದಾಟಿದರೆ ನಾಯಿ ಅಟ್ಟಿಸಿಕೊಂಡು ಬರುವುದೂ ಖಂಡಿತ. ಪೈಸಾರಿ, ಅಂದರೆ ಸರ್ಕಾರದ ಪಾಳುಭೂಮಿ, ಎಂದು ಯಾರೋ ತೋರಿಸಿದ ಜಾಗ ಎಷ್ಟೋ ಸಲ ಅರಣ್ಯದ ಗಡಿಯೊಳಗೆ ಇರುತ್ತದೆ, ವಿಚಾರಿಸಿಕೊಳ್ಳಿ.

ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: "ಇಲ್ಲಿ ಈಚೆಗೆ ಏನು ಹೊಡೆದಿದ್ದೀರಿ?" ನಮ್ಮ ಹಿರಿಯರಿಗೆ ಈ ಪ್ರಶ್ನೆ ಬೇಕಿರಲಿಲ್ಲ, ನಮಗೆ ಬೇಕೇ ಬೇಕು. ಕಾಫಿಗೆ ಮಳೆ ಹಿಡಿಯುವ ಮೊದಲೊಮ್ಮೆ, ಮಳೆಯ ನಡುವಿನ ಬಿಡುವಿನಲ್ಲಿ ಇನ್ನೊಮ್ಮೆ ಕೊಳೆರೋಗಕ್ಕೆಂದು ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತು, ಸುಣ್ಣ ಸೇರಿದ ಆ ದ್ರಾವಣ ಗಿಡದಿಂದ ತೊಟ್ಟಿಕ್ಕಿ ಕೆಳಗಿನ ಸೊಪ್ಪಿನ ಮೇಲೆ ನೀಲಿ ಚುಕ್ಕೆಯಾಗಿ ಕೂರುತ್ತದೆ, ಅದು ಕಣ್ಣಿಗಾದರೂ ಕಾಣುತ್ತದೆ. ಕಳೆನಾಶಕ ಕಾಣುವುದಿಲ್ಲ. ಹೊಡೆದ ಮೊದಲ ಕೆಲವು ದಿನ ಗಿಡ ಹಸಿರಾಗಿಯೇ ಇರುತ್ತದೆ, ಆಮೇಲೆ ಹಳದಿಯಾಗಿ ಒಣಗುತ್ತದೆ. ಆ ಹಸಿರು ದಿನಗಳಲ್ಲಿ ಕಿತ್ತ ಕೆಸುವನ್ನು ಯಾರು ಗುರುತಿಸಬಲ್ಲರು? ಶುಂಠಿ ಹಾಕಿದ ಗದ್ದೆಯ ಸುತ್ತಮುತ್ತ, ಅದರ ನೀರು ಹರಿದು ಹೋಗುವ ತೋಡಿನ ಕೆಳಗೆ ನಾನು ಏನನ್ನೂ ಕೀಳುವುದಿಲ್ಲ. ಶುಂಠಿಗೆ ಬೀಳುವಷ್ಟು ಮದ್ದು ನಮ್ಮ ಗದ್ದೆಗಳಲ್ಲಿ ಬೇರೆ ಯಾವ ಬೆಳೆಗೂ ಬಿದ್ದದ್ದನ್ನು ನಾನು ಕಂಡಿಲ್ಲ. ಪೇಟೆಯ ಚರಂಡಿ ಬದಿಯಲ್ಲಿ ಕೆಸು ಎಷ್ಟು ಸೊಂಪಾಗಿ ಬೆಳೆದಿದ್ದರೂ ಅದು ಚರಂಡಿಯನ್ನೇ ಕುಡಿದು ಬೆಳೆದದ್ದು. ರಸ್ತೆಯ ಅಂಚಿನದೂ ಬೇಡ.

ಎರಡನೆಯದು: ಆನೆ, ಹಾವು, ಜಿಗಣೆ, ಮಣ್ಣು

ಕಣಿಲೆ ನಮಗೆಷ್ಟು ಇಷ್ಟವೋ ಆನೆಗೂ ಅಷ್ಟೇ ಇಷ್ಟ. ಬಿದಿರುಮೆಳೆಗೆ ಹೋಗುವುದಾದರೆ ಬಿಸಿಲೇರಿದ ಮೇಲೆ, ಎಂಟು ಗಂಟೆ ದಾಟಿದ ಮೇಲೆ ಹೋಗಿ, ನಾಲ್ಕರೊಳಗೆ ಮನೆ ಸೇರಿ. ಹೊರಡುವ ಮೊದಲು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂಡು ಎಲ್ಲಿದೆ ಎಂದು ನೋಡಿ, ತೋಟದ ರೈಟರ್‌ಗೆ (ಮೇಲ್ವಿಚಾರಕರಿಗೆ) ಒಂದು ಫೋನ್ ಮಾಡಿ. ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಮಳೆಯ ಸದ್ದಿನಲ್ಲಿ ಕಿವಿ ಮಂದವಾಗುತ್ತದೆ, ಕಾಫಿ ಗಿಡಗಳ ನಡುವೆ ಹತ್ತು ಮಾರು ದೂರದಲ್ಲಿ ನಿಂತ ಆನೆಯೂ ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಂತೂ ಹೋಗಲೇಬೇಡಿ.

ಗಂಬೂಟು, ಉದ್ದ ತೋಳಿನ ಅಂಗಿ, ಒಂದು ಕೋಲು ಇರಲಿ. ಕೈ ಹಾಕುವ ಮೊದಲು ಕೋಲು ಹೋಗಬೇಕು. ಮಂಡಲಹಾವಿನ ಜಾತಿಯ ಮಲಬಾರ್ ಗುಳಿಮಂಡಲ ಮಳೆಗಾಲದಲ್ಲಿ ಸೊಪ್ಪಿನ ಎತ್ತರಕ್ಕೇ ಗಿಡದ ಮೇಲೆ ಸುತ್ತಿಕೊಂಡಿರುತ್ತದೆ, ಎಷ್ಟೋ ಸಲ ಎಲೆಯ ಬಣ್ಣವೇ ಅದಕ್ಕೂ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಸಾಗಿಸಿ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಮಾಡಿದ್ದು. ಗುಳಿಮಂಡಲದ ಕಡಿತಕ್ಕೆ ವೈದ್ಯರು ಬೇರೆ ರೀತಿಯಲ್ಲಿ ನಿಗಾ ಇಡಬೇಕಾಗುತ್ತದೆ. ಹಾಗಾಗಿ ಹಾವಿನ ಬಣ್ಣ, ತಲೆಯ ಆಕಾರ ನೆನಪಿಟ್ಟುಕೊಂಡರೆ ಸಾಕು, ಹಿಡಿಯಲು ಹೋಗಬೇಡಿ.

ಜಿಗಣೆ ಹಿಡಿದರೆ ಕಿತ್ತೆಳೆಯಬೇಡಿ, ಉಪ್ಪು ಮುಟ್ಟಿಸಿ. ಚೇರೆ ಮರದ ಬುಡದಲ್ಲಿ ಮಳೆಗೆ ನಿಲ್ಲಬೇಡಿ, ಅದರ ಕಪ್ಪು ಸೊನೆ ತಾಗಿದರೆ ಮೈ ಸುಟ್ಟಂತೆ ಬೊಬ್ಬೆ ಏಳುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಬೆಟ್ಟದ ಮಣ್ಣಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಹೊಸ ಬಿರುಕು ಕಂಡರೆ, ಇಲ್ಲದ ಕಡೆ ಕೆಸರುನೀರು ಜಿನುಗಿದರೆ ಸೊಪ್ಪಿನ ಆಸೆ ಬಿಟ್ಟು ಇಳಿದು ಬನ್ನಿ, ಊರಿನವರಿಗೂ ಹೇಳಿ.

ಕಣಿಲೆ: ಕಲಿಯುವವರಿಗೆ ಇದೇ ಮೊದಲ ಪಾಠ

ಕಳಲೆ, ಕಣಿಲೆ, ಬೈಂಬಳೆ ಎಂದು ಮೂರು ಹೆಸರು ಹೇಳಿದರೂ ವಸ್ತು ಒಂದೇ, ಬಿದಿರಿನ ಎಳೆ ಮೊಳಕೆ. ಬಿದಿರನ್ನು ಗುರುತಿಸುವಲ್ಲಿ ಯಾರೂ ತಪ್ಪುವುದಿಲ್ಲವಾದ್ದರಿಂದ ಹೊಸಬರು ಇದರಿಂದ ಶುರುಮಾಡಲಿ. ಅಪಾಯ ಇರುವುದು ಅಡುಗೆಮನೆಯಲ್ಲಿ.

ಮಣ್ಣಿನಿಂದ ಒಂದೂವರೆ ಅಡಿ ಎದ್ದ, ಉಗುರು ಒತ್ತಿದರೆ ಇಳಿಯುವಂಥ ಮೊಳಕೆ ಸರಿ. ಮೇಲಿನ ಹೊದಿಕೆಯ ಮೇಲೆ ನವಿರಾದ ಕಂದು ರೋಮ ಇರುತ್ತದೆ, ಕೈಗೆ ಹತ್ತಿದರೆ ದಿನವೆಲ್ಲ ತುರಿಸುತ್ತದೆ. ಗೋಣಿಚೀಲದ ತುಂಡಿನಿಂದ ಒರೆಸಿ ಹಿಡಿಯಿರಿ. ಒಂದು ಮೆಳೆಯಲ್ಲಿ ಆರೇಳು ಮೊಳಕೆ ಇದ್ದರೆ ಎರಡು ಸಾಕು. ಹೊರಬದಿಯ ಗಟ್ಟಿಮುಟ್ಟಾದ ಮೊಳಕೆಗಳು ಮುಂದಿನ ವರ್ಷದ ಬಿದಿರು, ಅವು ಇರಲಿ.

ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಕೊಚ್ಚಿದಾಗ, ಜಜ್ಜಿದಾಗ ಅದು ಹೊರಬರುತ್ತದೆ, ನೀರಿಗಿಳಿಯುತ್ತದೆ, ಕಾಯಿಸಿದಾಗ ಆವಿಯಾಗಿ ಹೋಗುತ್ತದೆ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಮಾಡುತ್ತಾ ಬಂದದ್ದು ಇದಕ್ಕೇ ಸರಿಹೊಂದುತ್ತದೆ. ಹೊದಿಕೆ ಬಿಡಿಸಿ, ಗಂಟಿನ ಗಟ್ಟಿ ಭಾಗ ತೆಗೆದುಹಾಕಿ, ಆದಷ್ಟು ತೆಳ್ಳಗೆ ಹೆಚ್ಚಿ. ದಪ್ಪ ಹೋಳಾದರೆ ಒಳಗಿನದು ನೀರಿಗೆ ಇಳಿಯುವುದಿಲ್ಲ. ತುಂಬ ನೀರಿನಲ್ಲಿ ಮುಳುಗಿಸಿ ಎರಡು ದಿನ ಇಡಿ, ಬೆಳಿಗ್ಗೆ ಸಂಜೆ ನೀರು ಬದಲಿಸಿ. ಮೂರನೆಯ ದಿನ ಸಣ್ಣಗೆ ಹುಳಿ ವಾಸನೆ ಬರುತ್ತದೆ, ಆ ವಾಸನೆಗೇ ಕಾದು ಕೂರುವವರು ನಾವು. ಆಮೇಲೆ ಹೊಸ ನೀರು ಹಾಕಿ, ಮುಚ್ಚಳ ಮುಚ್ಚದೆ, ಕಿಟಕಿ ತೆರೆದಿಟ್ಟು ಇಪ್ಪತ್ತು ನಿಮಿಷವಾದರೂ ಕುದಿಸಿ, ಆ ನೀರನ್ನು ಚೆಲ್ಲಿ. ಕುಕ್ಕರ್‌ಗೆ ಹಾಕಿ ಮುಚ್ಚಿ ಬೇಗ ಮುಗಿಸುವ ಅವಸರ ಬೇಡ. ನೆನೆಸಿದ ನೀರನ್ನು ದನ, ನಾಯಿ, ಕೋಳಿ ಬಾಯಿ ಹಾಕದ ಜಾಗದಲ್ಲಿ ಚೆಲ್ಲಬೇಕು, ಇದನ್ನು ಮರೆಯುವವರು ಬಹಳ. ಇಷ್ಟಾದ ಮೇಲೂ ನಾಲಿಗೆಗೆ ಕಹಿ ತಾಗಿದರೆ ಇನ್ನೊಮ್ಮೆ ಕುದಿಸಿ ಬಸಿಯಿರಿ. ಆಮೇಲೆ ಹುರಿದ ಮಸಾಲೆ, ತೆಂಗಿನಕಾಯಿ, ಪಕ್ಕದಲ್ಲಿ ಅಕ್ಕಿರೊಟ್ಟಿ. ಮಳೆ ಎಷ್ಟು ಬೇಕಾದರೂ ಸುರಿಯಲಿ.

ಕುಮ್ಮು: ಇಲ್ಲಿ ನಿಧಾನವಾಗಿ ಓದಿ

ಅಣಬೆಯನ್ನು ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಕುಮ್ಮು ಎನ್ನುತ್ತಾರೆ. ಗುಡುಗು ಬಿದ್ದ ಮಾರನೆಯ ದಿನ ಎಲ್ಲರ ಕಣ್ಣೂ ಹುತ್ತದ ಕಡೆ. ಮೊದಲು ಕಲಿಯಬೇಕಾದದ್ದು ಹುತ್ತದ ಅಣಬೆ. ಇದು ಗೆದ್ದಲಿನೊಂದಿಗೆ ಕೂಡಿ ಬೆಳೆಯುವ ಜಾತಿ, ಗೆದ್ದಲು ನೆಲದೊಳಗೆ ಸಾಕಿದ ತೋಟದಿಂದಲೇ ಮೇಲಕ್ಕೆ ಬರುತ್ತದೆ. ಅದರ ಗುರುತೂ ಅಲ್ಲೇ ಇದೆ: ಕಾಂಡದ ಕೆಳಗೆ ಬೇರಿನಂಥ ಉದ್ದ ಬಾಲ ಮಣ್ಣಿನೊಳಕ್ಕೆ ಇಳಿದಿರುತ್ತದೆ. ಕೊಡೆಯ ನಡುವೆ ಚೂಪಾದ ಮೊನೆ ಇರುತ್ತದೆ. ಅಡಿಯ ಪದರಗಳು ಎಳೆಯದರಲ್ಲಿ ಬಿಳಿ, ಬಲಿತಾಗ ನಸುಗುಲಾಬಿ. ಹಾಗಾಗಿ ಅಣಬೆಯನ್ನು ಎಳೆದು ಕೀಳಬೇಡಿ. ಕತ್ತಿಯ ತುದಿಯಿಂದ ಸುತ್ತಲ ಮಣ್ಣು ಬಿಡಿಸಿ, ಬುಡ ಪೂರ್ತಿ ಕಾಣುವಂತೆ ಒಂದನ್ನಾದರೂ ತೆಗೆಯಿರಿ. ಗುರುತು ಸಿಗುವುದೂ ಪ್ರಾಣ ಉಳಿಯುವುದೂ ಆ ಬುಡದಿಂದ.

ಬುಡದಲ್ಲಿ ಚೀಲದಂಥ, ಒಡೆದ ಮೊಟ್ಟೆಚಿಪ್ಪಿನಂಥ ಬಟ್ಟಲು ಇದ್ದು, ಕಾಂಡದ ಮೇಲೆ ಪಾವಡೆಯಂಥ ಬಳೆಯಿದ್ದು, ಪದರಗಳು ಬಲಿತ ಮೇಲೂ ಬೆಳ್ಳಗೇ ಇದ್ದರೆ ಅದನ್ನು ಅಲ್ಲೇ ಬಿಡಿ. ಅಮಾನಿಟ ಎಂಬ ಕುಲದ ಚಹರೆ ಅದು, ಮನುಷ್ಯರನ್ನು ಕೊಲ್ಲುವ ಅಣಬೆಗಳು ಆ ಕುಲದಲ್ಲಿವೆ. ಎಳೆದು ಕಿತ್ತರೆ ಬಟ್ಟಲು ಮಣ್ಣಿನಲ್ಲೇ ಉಳಿದು, ನಿಮ್ಮ ಕೈಗೆ ಬರುವುದು ಅಮಾಯಕ ಬಿಳಿ ಅಣಬೆ ಮಾತ್ರ. ಇನ್ನೊಂದು, ಹುಲ್ಲುಹಾಸಿನಲ್ಲಿ, ಕೊಟ್ಟಿಗೆಯ ಬಳಿ, ಶಾಲೆ ಮೈದಾನದಲ್ಲಿ ತಟ್ಟೆಯಗಲ ಏಳುವ ಬಿಳಿ ಅಣಬೆ. ಕೊಡೆಯ ಮೇಲೆ ಕಂದು ಹಕ್ಕಳೆ, ಕಾಂಡಕ್ಕೆ ಬಳೆ, ಬಲಿತಾಗ ಅಡಿಯ ಪದರ ಮಸುಕು ಹಸಿರು. ತಿಂದ ಒಂದೆರಡು ಗಂಟೆಯಲ್ಲಿ ವಾಂತಿ ಭೇದಿ ಹಿಡಿದು ಕೆಡವುತ್ತದೆ. ಎಳೆಯದಿದ್ದಾಗ ಹಸಿರು ಕಾಣದೆ ಮೋಸವಾಗುತ್ತದೆ. ಅನುಮಾನವಿದ್ದರೆ ಒಂದು ಅಣಬೆಯ ಕಾಂಡ ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲಾಗಿ ಇಟ್ಟು, ಲೋಟ ಮುಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬಿದ್ದಿರುವ ಪುಡಿಯ ಬಣ್ಣ ನೋಡಿ. ಹುತ್ತದ ಅಣಬೆಯದು ನಸುಗುಲಾಬಿ. ಬಿಳಿ ಅಥವಾ ಹಸಿರು ಬಂದರೆ ಎಲ್ಲವನ್ನೂ ಚೆಲ್ಲಿ. ಗುಲಾಬಿ ಬಂದ ಮಾತ್ರಕ್ಕೆ ಒಲೆ ಹಚ್ಚಬೇಡಿ, ಮೊನೆ, ಬಾಲ, ಹುತ್ತ ಮೂರೂ ಕೂಡಿಬರಬೇಕು, ಬಲ್ಲವರೊಬ್ಬರು ಕೈಯಲ್ಲಿ ಹಿಡಿದು ಹೌದೆನ್ನಬೇಕು.

ಈಗ ಕೆಲವು ಮಾತುಗಳನ್ನು ನೇರವಾಗಿ ಹೇಳಬೇಕು, ಏಕೆಂದರೆ ಇವನ್ನು ನಂಬಿ ಜನ ಕೆಟ್ಟಿದ್ದಾರೆ. ಬೆಳ್ಳಿ ನಾಣ್ಯ ಹಾಕಿ ಕುದಿಸಿದಾಗ ಕಪ್ಪಾಗದಿದ್ದರೆ ಒಳ್ಳೆಯದು ಎನ್ನುವುದು ಸುಳ್ಳು. ಬೆಳ್ಳುಳ್ಳಿಯ ಬಣ್ಣ ಬದಲಾಗುವ ಪರೀಕ್ಷೆಯೂ ಸುಳ್ಳು. ಹುಳ ತಿಂದದ್ದು, ಬಸವನಹುಳು ಕಡಿದದ್ದು ಮನುಷ್ಯರಿಗೆ ಒಗ್ಗುತ್ತದೆ ಎನ್ನುವುದೂ ಸುಳ್ಳು, ಅವುಗಳ ಹೊಟ್ಟೆ ಬೇರೆ ನಮ್ಮದು ಬೇರೆ. ಹುಣಸೆಹುಳಿ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ ಎನ್ನುವುದು ಎಲ್ಲಕ್ಕಿಂತ ಅಪಾಯದ ಸುಳ್ಳು. ಕೊಲ್ಲುವ ಅಮಾನಿಟಗಳ ವಿಷ ಕುದಿಸಿದರೂ, ಒಣಗಿಸಿದರೂ, ಉಪ್ಪಿನಕಾಯಿ ಹಾಕಿದರೂ ಹೋಗುವುದಿಲ್ಲ. ರುಚಿಯಲ್ಲೂ ಗೊತ್ತಾಗುವುದಿಲ್ಲ. ಮೊಬೈಲಿನ ಆ್ಯಪ್ ಫೋಟೋ ನೋಡಿ ಹೇಳುವ ಹೆಸರನ್ನು ನಂಬಿ ಅಣಬೆ ಬೇಯಿಸಬೇಡಿ, ಅದು ಮಣ್ಣಿನೊಳಗಿನ ಬುಡ ನೋಡಿಲ್ಲ.

ಬೇರೆ ಊರಿನಿಂದ ತೋಟದ ಕೆಲಸಕ್ಕೆ ಬಂದವರು ನಿಮ್ಮಲ್ಲಿದ್ದರೆ ಅವರ ಜೊತೆ ಕೂತು ಈ ಮಾತು ಆಡಿ. ಅಸ್ಸಾಮಿನ ಹಳ್ಳಿಯಲ್ಲಿ ಕಣ್ಣುಮುಚ್ಚಿ ಕಿತ್ತು ತಿನ್ನುತ್ತಿದ್ದ ಅಣಬೆಯಂತೆಯೇ ಕಾಣುವ ಬೇರೊಂದು ಇಲ್ಲಿ ಇರಬಹುದು. ಒಂದು ಸಲ ಲೈನ್‌ಮನೆಯ ಹುಡುಗರು ಬೇಯಿಸಲು ಇಟ್ಟಿದ್ದ ಪಾತ್ರೆಯನ್ನು ನಮ್ಮ ಅಕ್ಕ ಒಲೆಯಿಂದ ಇಳಿಸಿ ಚೆಲ್ಲಿಸಿದರು. ಹುಡುಗರಿಗೆ ಸಿಟ್ಟು ಬಂತು. ಸಂಜೆ ಅಕ್ಕನೇ ತಮ್ಮ ಮನೆಯಿಂದ ಆ ಹುಡುಗರಿಗೆ ಮೀನು ಸಾರು ಕೊಟ್ಟು ಕಳಿಸಿದರು.

ಸರಿಯಾದ ಅಣಬೆ ಸಿಕ್ಕಿತು ಎನ್ನಿ. ಬಿದಿರುಬುಟ್ಟಿಯಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ, ಕೊಳೆತರೆ ಒಳ್ಳೆಯ ಅಣಬೆಯೂ ಹೊಟ್ಟೆ ಕೆಡಿಸುತ್ತದೆ. ಬೇರೆ ಬೇರೆ ಜಾತಿಯನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಮನೆಯಲ್ಲಿ ಒಂದೊಂದನ್ನೇ ತೊಳೆಯುವಾಗ ಮತ್ತೆ ಬುಡ ನೋಡಿ. ಅನುಮಾನದ್ದು ಒಂದು ಸಿಕ್ಕರೂ ಅದರ ಜೊತೆಗಿದ್ದದ್ದೆಲ್ಲ ತಿಪ್ಪೆಗೆ. ಅದೇ ದಿನ, ಪೂರ್ತಿ ಬೇಯಿಸಿ. ಮೊದಲ ಸಲ ತಿನ್ನುವವರು ಎರಡು ಚಮಚಕ್ಕಿಂತ ಹೆಚ್ಚು ತಿನ್ನಬೇಡಿ, ಜೊತೆಗೆ ಮದ್ಯ ಬೇಡ, ಕೆಲವು ಜಾತಿ ಮದ್ಯದ ಜೊತೆ ಸೇರಿದರೆ ಮಾತ್ರ ಕಾಡುತ್ತವೆ. ಪುಟ್ಟ ಮಕ್ಕಳಿಗೂ ಬಸುರಿಯರಿಗೂ ಕೊಡಬೇಡಿ. ಬೇಯಿಸದ ಒಂದು ಇಡೀ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ನಾಲ್ಕು ದಿನ ಇಟ್ಟಿರಿ. ಇದು ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಸೊಪ್ಪುಗಳು

ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿವೆ, ನಾಲಿಗೆ ಗಂಟಲಿಗೆ ಚುಚ್ಚುವುದು ಅವೇ. ನಾನೊಮ್ಮೆ ಅವಸರಕ್ಕೆ ಅರೆಬೆಂದದ್ದನ್ನು ತಿಂದು ರಾತ್ರಿಯೆಲ್ಲ ಗಂಟಲು ಹಿಡಿದುಕೊಂಡು ಕೂತಿದ್ದೆ. ಎಳೆಯ ಎಲೆ ಆರಿಸಿ, ದಂಟಿನ ನಾರು ತೆಗೆದು, ಕಾಚಂಪುಳಿಯನ್ನೋ (ಪಣಪುಳಿ ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿ) ಹುಣಸೆಯನ್ನೋ ಧಾರಾಳವಾಗಿ ಹಾಕಿ, ಎಲೆ ಕರಗಿ ಮುದ್ದೆಯಾಗುವವರೆಗೆ ಬೇಯಿಸಿ. ಪತ್ರೊಡೆಗೆ ಮರದ ಕವಲಿನಲ್ಲಿ ಬೆಳೆಯುವ ಮರಕೆಸು ವಾಸಿ, ತುರಿಕೆ ಕಡಿಮೆ. ಗುರುತು ಹೀಗೆ: ತಿನ್ನುವ ಕೆಸುವಿನಲ್ಲಿ ದಂಟು ಎಲೆಯ ಅಂಚಿಗೆ ಸೇರುವುದಿಲ್ಲ, ಹಿಂಬದಿಯಲ್ಲಿ ಸ್ವಲ್ಪ ಒಳಗೆ ಬಂದು ಸೇರುತ್ತದೆ, ಎಲೆಯ ತುದಿ ನೆಲದ ಕಡೆಗಿರುತ್ತದೆ. ಎಲೆಯ ಸೀಳು ದಂಟಿನವರೆಗೂ ಬಂದು, ತುದಿ ಆಕಾಶ ನೋಡುತ್ತಿದ್ದರೆ ಅದು ಬೇರೆ ಜಾತಿ, ಬಿಡಿ.

ತೆರ್ಮೆ ತೊಪ್ಪು ಎಂದು ಕರೆಯುವ ಜರಿಗಿಡದ ಸುರುಳಿ ತೋಡಿನ ಬದಿಯ ಒದ್ದೆ ಮಣ್ಣಿನಲ್ಲಿ ಗುಂಪಾಗಿ ಏಳುತ್ತದೆ, ಒಂದೇ ಬುಡದಿಂದ ಹಲವು ಸುರುಳಿ. ಇದನ್ನು ಬೋಳುಗುಡ್ಡದ ಜರಿಗಿಡದ ಜೊತೆ ಬೆರೆಸಬೇಡಿ. ಅದು ಬಿಸಿಲು ಬೀಳುವ ಹುಲ್ಲುಗುಡ್ಡದಲ್ಲಿ, ರಸ್ತೆಯ ದಿಬ್ಬದಲ್ಲಿ ನೆಲದಿಂದ ಒಂದೊಂದೇ ಕಡ್ಡಿಯಾಗಿ ಎದ್ದು ಮೇಲೆ ಮೂರಾಗಿ ಕವಲೊಡೆಯುತ್ತದೆ. ಅದನ್ನು ಮೇದ ದನಗಳ ಮೂತ್ರದಲ್ಲಿ ರಕ್ತ ಬರುತ್ತದೆ, ಅದರಲ್ಲಿರುವ ಅಂಶ ಕ್ಯಾನ್ಸರ್‌ಕಾರಕ. ತೋಡಿನದನ್ನೂ ಹಸಿಯಾಗಿ ತಿನ್ನದೆ, ಉಪ್ಪುನೀರಿನಲ್ಲಿ ಕುದಿಸಿ ಬಸಿದು ಪಲ್ಯ ಮಾಡಿ. ಒಂದು ಬುಡದಿಂದ ಎರಡು ಮೂರು ಸುರುಳಿಗಿಂತ ಹೆಚ್ಚು ಮುರಿಯಬೇಡಿ.

ಇನ್ನು ಮದ್ದುಸೊಪ್ಪು. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ಕ್ಕೆ, ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಎಂಬುದು ನಮ್ಮ ನಂಬಿಕೆ. ಅರೆಭಾಷೆಯವರ ಮನೆಯಲ್ಲಿ ಇದೇ ಆಟಿ ಹದಿನೆಂಟು. ಆ ದಿನ ಕೊಡಗಿನ ಎಷ್ಟೋ ಅಡುಗೆಮನೆಗಳಲ್ಲಿ ಒಂದೇ ಪರಿಮಳ. ಸೊಪ್ಪು ಕುದಿಸಿದ ನೀರು ಗಾಢ ನೇರಳೆಯಾಗುತ್ತದೆ, ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸವನ್ನೋ ಪುಟ್ಟನ್ನೋ ಮಾಡುತ್ತಾರೆ. ಅದರಂತೆಯೇ ಕಾಣುವ ಗಿಡಗಳು ತೋಟದಂಚಿನಲ್ಲಿ ಹಲವಿವೆ. ಹಾಗಾಗಿ ಬಲ್ಲವರಿಂದ ಒಂದು ಕಡ್ಡಿ ತಂದು ಮನೆಯ ಹಿಂದೆ ನೆಟ್ಟುಕೊಳ್ಳಿ, ಸುಲಭವಾಗಿ ಬೇರೂರುತ್ತದೆ, ಮುಂದೆ ಹುಡುಕುವ ಕಷ್ಟವಿಲ್ಲ. ಹೊಸ ಜಾಗದ ಸೊಪ್ಪಾದರೆ ಒಂದೆರಡು ಕಡ್ಡಿ ಮಾತ್ರ ಕುದಿಸಿ ನೋಡಿ. ನೀರು ನೇರಳೆಯಾಗದಿದ್ದರೆ, ಆ ಪರಿಮಳ ಬಾರದಿದ್ದರೆ ಅದು ಮದ್ದುಸೊಪ್ಪಲ್ಲ. ತಿಂದ ಮಾರನೆಯ ದಿನ ಮೂತ್ರ ಕೆಂಪಾಗುತ್ತದೆ. ಹೊರಗಿನಿಂದ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿಬಿಡಿ. ನಿತ್ಯ ಔಷಧಿ ತೆಗೆದುಕೊಳ್ಳುವವರು, ಬಸುರಿಯರು ವೈದ್ಯರನ್ನು ಕೇಳಿ ತಿನ್ನಲಿ.

ಗೆಡ್ಡೆ ಅಗೆಯಬೇಡಿ

ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಸಿಂಗರಿಸುವ ತೋಕ್ ಪೂವನ್ನು ಕೊಡಗಿನ ಮಕ್ಕಳೂ ಬಲ್ಲರು. ಕೆಂಪು ಹಳದಿ ಜ್ವಾಲೆಯಂಥ ಆ ಹೂವನ್ನು ಕನ್ನಡದಲ್ಲಿ ಅಗ್ನಿಶಿಖೆ, ಗೌರಿ ಹೂ ಎನ್ನುತ್ತಾರೆ. ಹೂವನ್ನು ಬಲ್ಲವರೂ ಅದರ ಗೆಡ್ಡೆಯನ್ನು ಅರಿಯರು. ಗೆಣಸಿನಂತೆ ಕಾಣುವ ಆ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಗೆಣಸೆಂದು ಬೇಯಿಸಿ ತಿಂದವರು ಸತ್ತಿದ್ದಾರೆ. ಬಳ್ಳಿ ಇದ್ದರೆ ಗುರುತು ಸುಲಭ, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದಿರುತ್ತದೆ. ಆದರೆ ಬಳ್ಳಿ ಒಣಗಿದ ಮೇಲೆ ಅಗೆದರೆ ಆ ಗುರುತೂ ಇರುವುದಿಲ್ಲ. ಕಾಡುಗೆಣಸುಗಳಲ್ಲೂ ಮೂರೆಲೆಯ ಒಂದು ಜಾತಿ ವಿಷದ್ದು, ಅದನ್ನು ಹೋಲುವ ಇನ್ನೊಂದು ತಿನ್ನುವಂಥದ್ದು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಜೇನುಕುರುಬರೂ ಯರವರೂ ಬಳ್ಳಿಯನ್ನು ಹಸಿರಿದ್ದಾಗಲೇ ನೋಡಿಟ್ಟುಕೊಂಡು, ಅಗೆದ ಮೇಲೆ ಬಳ್ಳಿಯ ಬುಡವನ್ನು ಮತ್ತೆ ಹುಗಿದು ಬರುತ್ತಾರೆ. ಸಂತೆಯಲ್ಲಿ ಅವರು ಮಾರಲು ತಂದರೆ ಚೌಕಾಸಿ ಮಾಡದೆ ಕೊಳ್ಳಿ.

ಹಣ್ಣುಗಳು

ನೇರಳೆ, ನೆಲ್ಲಿ, ಏಪ್ರಿಲ್ ಮೇ ತಿಂಗಳ ಕಾಡುಮಾವು, ಕಾಚಂಪುಳಿಗೆ ಬೇಕಾದ ಪಣಪುಳಿ, ಇವಕ್ಕೆ ಹೆಚ್ಚು ಹೇಳುವುದಿಲ್ಲ. ಕಾಡುಮಾವಿನ ತೊಟ್ಟಿನ ಸೊನೆಯನ್ನು ತೊಳೆಯದೆ ಬಾಯಿಗಿಡಬೇಡಿ, ತುಟಿ ಸುಡುತ್ತದೆ. ಬಾವಲಿ, ಅಳಿಲು ಕಚ್ಚಿದ ಹಣ್ಣು ಎಷ್ಟೇ ಚೆನ್ನಾಗಿದ್ದರೂ ಬೇಡ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಬಾವಲಿಗಳಿಂದ ಬರುವ ನಿಪಾ ಜ್ವರ ಕಾಣಿಸಿಕೊಂಡಿತು, ವಯನಾಡು ನಮ್ಮ ಬೇಲಿಯಾಚೆಗೇ ಇದೆ. ಮಕ್ಕಳಿಗೆ ಕಾಸರಕದ ಹಣ್ಣನ್ನು ಕರೆದುಕೊಂಡು ಹೋಗಿ ತೋರಿಸಿ. ಪುಟ್ಟ ಕಿತ್ತಳೆಯಂತೆ ದುಂಡಗೆ, ಹೊಳಪಾಗಿ ಇರುತ್ತದೆ, ಬೀಜದಲ್ಲಿ ಕೊಲ್ಲುವ ವಿಷವಿದೆ. ಉಮ್ಮತ್ತಿಯ ಮುಳ್ಳುಕಾಯಿ, ಗುಲಗಂಜಿಯ ಕೆಂಪು ಬೀಜ, ಲಂಟಾನದ ಹಸಿರು ಕಾಯಿಗಳನ್ನೂ ತೋರಿಸಿ. ಮುಟ್ಟಬೇಡ ಎಂದಷ್ಟೇ ಹೇಳಿದರೆ ಮಕ್ಕಳು ಮರೆಯುತ್ತಾರೆ, ಗಿಡ ತೋರಿಸಿ ಹೆಸರು ಹೇಳಿದರೆ ಮರೆಯುವುದಿಲ್ಲ.

ತಿಂದ ಮೇಲೆ ಏನಾದರೂ ಆದರೆ

ಅಣಬೆ ತಿಂದ ಒಂದೆರಡು ಗಂಟೆಯಲ್ಲೇ ವಾಂತಿಯಾದರೆ ಎಲ್ಲರೂ ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಅದಕ್ಕಿಂತ ಕೆಟ್ಟದ್ದು ತಡವಾಗಿ ಬರುವ ವಾಂತಿ. ಕೊಲ್ಲುವ ಅಮಾನಿಟ ತಿಂದವರಿಗೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ಏನೂ ಆಗುವುದಿಲ್ಲ. ರಾತ್ರಿ ಉಂಡದ್ದಕ್ಕೆ ಬೆಳಿಗ್ಗೆ ವಾಂತಿ ಭೇದಿ ಶುರುವಾಗುತ್ತದೆ, ಒಂದು ದಿನ ಹಿಂಡಿ ಹಿಪ್ಪೆ ಮಾಡುತ್ತದೆ. ಆಮೇಲೆ ತಾನಾಗಿ ನಿಲ್ಲುತ್ತದೆ. ಗಂಜಿ ಕುಡಿದು ಎದ್ದು ಕೂರುತ್ತಾರೆ, ಮನೆಯವರು ಉಸ್ಸಪ್ಪಾ ಎನ್ನುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಪಿತ್ತಜನಕಾಂಗ ಸಾಯುತ್ತಿರುತ್ತದೆ. ಎರಡು ಮೂರು ದಿನದ ಮೇಲೆ ಕಣ್ಣು ಹಳದಿಯಾದಾಗ ಹೊರಟರೆ ಬಹಳ ತಡ. ಆದ್ದರಿಂದ ಅಣಬೆ ತಿಂದವರಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೂ, ಅದು ತಾನಾಗಿ ನಿಂತರೂ, ತಿಂದ ಎಲ್ಲರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. "ಅಣಬೆ ತಿಂದಿದ್ದೇವೆ, ಇಂಥ ಹೊತ್ತಿಗೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಾಮೂಲು ಭೇದಿ ಎಂದು ಗ್ಲೂಕೋಸ್ ಹಾಕಿ ಕಳಿಸಿಬಿಡುವ ಸಾಧ್ಯತೆ ಇದೆ.

ಹಳ್ಳಿಯಿಂದ 108ಕ್ಕೆ ಕರೆ ಮಾಡಿ. ಮಳೆಗಾಲದಲ್ಲಿ ರಸ್ತೆ ಕೆಟ್ಟಿದ್ದರೆ ಕಾಯುತ್ತಾ ಕೂರದೆ ಇರುವ ಜೀಪಿನಲ್ಲೇ ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲೂ ರಾತ್ರಿ ಕೆಲಸ ಮಾಡುತ್ತದೆ. ವೈದ್ಯರೂ ಅಲ್ಲಿಗೆ ಕರೆ ಮಾಡಿ ಸಲಹೆ ಪಡೆಯಬಹುದು. ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ, ನಿಂಬೆಹುಳಿ, ನಾಟಿ ಮದ್ದು ಯಾವುದಕ್ಕೂ ಸಮಯ ಕಳೆಯಬೇಡಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ. ಫ್ರಿಜ್ಜಿನಲ್ಲಿ ಕಾಗದ ಸುತ್ತಿ ಇಟ್ಟ ಆ ಇಡೀ ಅಣಬೆಯನ್ನು ಜೊತೆಗೆ ಒಯ್ಯಿರಿ. ಸೊಪ್ಪೋ ಗೆಡ್ಡೆಯೋ ಆಗಿದ್ದರೆ ಗಿಡವನ್ನು ಬೇರು ಸಮೇತ ತನ್ನಿ. ಅದೂ ಸಿಗದಿದ್ದರೆ ಉಳಿದ ಸಾರನ್ನು ಚೆಲ್ಲದೆ ಪಾತ್ರೆ ಸಮೇತ ಜೀಪಿಗೆ ಹತ್ತಿಸಿ.